ವಂಶವೃಕ್ಷದಲ್ಲಿ ಅಜ್ಜಿಯ ಹೆಸರೆಲ್ಲಿ?



ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅಳದಂಗಡಿಯ ಸಮೀಪದ ಒಂದು ಕ್ರೈಸ್ತ ಮನೆಗೆ ಹೋಗಿದ್ದೆ. ಗುರುವಾಯನಕೆರೆಯಿಂದ ನಾರಾವಿಯ ಕಡೆಗೆ ಸಾಗುವ ರಸ್ತೆಯಿಂದ ತುಸು ಒಳಗೆ, ಅಡಿಕೆ ತೋಟದ ಅಂಚಿನಲ್ಲಿರುವ ಹಳೆಯ ಹಂಚಿನ ಮನೆ ಅದು. ಆ ಕುಟುಂಬದವರು ತಮ್ಮ ಮನೆತನದ ಚರಿತ್ರೆಯನ್ನು ಆಗಷ್ಟೇ ಪುಸ್ತಕವಾಗಿ ಅಚ್ಚು ಹಾಕಿಸಿದ್ದರು. ನುಣುಪಾದ ಕಾಗದ, ಬಣ್ಣದ ಚಿತ್ರಗಳು, ಕೊನೆಯಲ್ಲಿ ಮಡಚಿಟ್ಟ ದೊಡ್ಡ ಹಾಳೆಯೊಂದರಲ್ಲಿ ಆರು ತಲೆಮಾರುಗಳ ವಂಶವೃಕ್ಷ. ಮುಂಬಯಿಯಲ್ಲಿ, ಕೊಲ್ಲಿ ರಾಷ್ಟ್ರಗಳಲ್ಲಿ, ಕೆನಡಾದಲ್ಲಿ ಇರುವ ಮೊಮ್ಮಕ್ಕಳ ಹೆಸರುಗಳನ್ನೂ ಬಿಡದೆ ಸೇರಿಸಿದ್ದರು. ನೋಡಿ ನನಗೂ ಸಂತೋಷವಾಯಿತು.

ಎಂಬತ್ತು ದಾಟಿದ ಆ ಮನೆಯ ಅಜ್ಜಿ ಕನ್ನಡಕ ಏರಿಸಿಕೊಂಡು, ಹಾಳೆಯ ಮೇಲೆ ಬೆರಳಾಡಿಸುತ್ತಾ ಕೇಳಿದರು: “ಫಾದರ್, ಇದರಲ್ಲಿ ನಾನು ಎಲ್ಲಿದ್ದೇನೆ?”

ಹುಡುಕಿದೆ. ಅವರ ಪತಿಯ ಹೆಸರಿನ ಪಕ್ಕದಲ್ಲಿ, ಕಂಸದೊಳಗೆ, ಅವರ ದೀಕ್ಷಾಸ್ನಾನದ ಹೆಸರಿತ್ತು. ತವರಿನ ಹೆಸರಿರಲಿಲ್ಲ, ತಂದೆತಾಯಿಯ ಹೆಸರಿರಲಿಲ್ಲ, ಹುಟ್ಟಿದ ಊರೂ ಇರಲಿಲ್ಲ. ಅವರ ಅತ್ತೆಗಂತೂ ಕಂಸದೊಳಗೂ ಸ್ಥಳ ಸಿಕ್ಕಿರಲಿಲ್ಲ. “ಅತ್ತೆಯ ಹೆಸರು ಯಾರಿಗೂ ಗೊತ್ತಿರಲಿಲ್ಲವಂತೆ. ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ” ಎಂದು ಅಜ್ಜಿ ಸುಮ್ಮನಾದರು.

ಈ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ. ಪುಸ್ತಕಕ್ಕಾಗಿ ಹಣ ಕೂಡಿಸಿದವರು, ಚಿತ್ರ ಹುಡುಕಿದವರು, ಮುದ್ರಣಾಲಯಕ್ಕೆ ಅಲೆದವರು ಅದೇ ಮನೆಯವರು. ಅವರ ಶ್ರಮದಲ್ಲಾಗಲಿ ಪ್ರೀತಿಯಲ್ಲಾಗಲಿ ಕೊರತೆಯಿರಲಿಲ್ಲ. ಆದರೆ ಅದೇ ಸೂರಿನಡಿ ಕುಳಿತಿದ್ದ, ಎಲ್ಲವನ್ನೂ ಬಲ್ಲ ಜೀವವನ್ನು ಯಾರೂ ಒಂದು ಮಾತು ಕೇಳಲಿಲ್ಲ. ಈಚಿನ ವರ್ಷಗಳಲ್ಲಿ ನಮ್ಮ ಧರ್ಮಕೇಂದ್ರಗಳಲ್ಲೂ ಮನೆಗಳಲ್ಲೂ ಚರಿತ್ರೆ ಬರೆಯುವ ಉತ್ಸಾಹ ಹೆಚ್ಚಿದೆ. ಅದು ಸ್ವಾಗತಾರ್ಹವೇ. ಆದರೆ ಆ ಬರಹಗಳನ್ನು ಕೃತಜ್ಞತೆಯಿಂದ ಸ್ವೀಕರಿಸುವುದರ ಜೊತೆಗೆ ವಿಮರ್ಶೆಯ ಕಣ್ಣಿನಿಂದ ಓದುವ ಅಭ್ಯಾಸವೂ ನಮಗೆ ಬೇಕು ಎಂದು ಹೇಳುವುದಕ್ಕಾಗಿಯೇ ಈ ಲೇಖನ.

ಮೊದಲು ನನ್ನ ತಪ್ಪನ್ನೇ ಒಪ್ಪಿಕೊಳ್ಳುತ್ತೇನೆ. ಬಹಳ ವರ್ಷಗಳ ಹಿಂದೆ ಒಂದು ಧರ್ಮಕೇಂದ್ರದ ಮಹೋತ್ಸವದ ಸ್ಮರಣ ಸಂಚಿಕೆಗೆ ಇತಿಹಾಸದ ಪುಟಗಳನ್ನು ಬರೆದವನು ನಾನು. ಹಿಂದಿನ ಸಂಚಿಕೆಯನ್ನು ಎದುರಿಗಿಟ್ಟುಕೊಂಡು, ಭಾಷೆಯನ್ನು ತುಸು ತಿದ್ದಿ, ಧರ್ಮಗುರುಗಳ ಪಟ್ಟಿಯನ್ನು ಮುಂದುವರಿಸಿ, ಕಟ್ಟಡಗಳ ಉದ್ಘಾಟನೆಯ ದಿನಾಂಕಗಳನ್ನು ಸೇರಿಸಿ ಕೆಲಸ ಮುಗಿಸಿದೆ. ಮೆಚ್ಚುಗೆಯೂ ಸಿಕ್ಕಿತು. ಆ ದೇವಾಲಯದ ಗೋಡೆಗೆ ಕೆಂಪುಕಲ್ಲು ಹೊತ್ತವರು ಯಾರು, ವಾರಕ್ಕೊಂದು ಹಿಡಿ ಅಕ್ಕಿ ತೆಗೆದಿಟ್ಟವರು ಯಾರು, ಕಟ್ಟಡಕ್ಕೆ ಮೊದಲು ಜನ ಎಲ್ಲಿ ಕೂಡಿ ಪ್ರಾರ್ಥಿಸುತ್ತಿದ್ದರು ಎಂದು ನಾನು ಯಾರನ್ನೂ ಕೇಳಿರಲಿಲ್ಲ. ಆಗ ಬದುಕಿದ್ದ ಹಿರಿಯರಲ್ಲಿ ಬಹುತೇಕರು ಇಂದು ಅದೇ ದೇವಾಲಯದ ಸ್ಮಶಾನದಲ್ಲಿ ವಿಶ್ರಮಿಸುತ್ತಿದ್ದಾರೆ. ಹೀಗಾಗಿ ಈ ವಿಮರ್ಶೆಯ ಮೊದಲ ಪೆಟ್ಟು ಬರೆದವನ ಮೇಲೆಯೇ ಬೀಳಬೇಕಾದದ್ದು.

ಯಾರ ಹೆಸರು, ಯಾರ ಮೂಲಕ?

ಅಳದಂಗಡಿಯವರಿಗೆ ಅಜಿಲರ ಅರಮನೆಯನ್ನು ಪರಿಚಯಿಸುವ ಅಗತ್ಯವಿಲ್ಲ. ಅದೇ ಅಜಿಲ ಮನೆತನದ ತಿಮ್ಮಣ್ಣ ಅಜಿಲನು 1604ರಲ್ಲಿ ವೇಣೂರಿನ ಬಾಹುಬಲಿ ಮೂರ್ತಿಯನ್ನು ಪ್ರತಿಷ್ಠಾಪಿಸಿದನು. 2012ರ ಬಳಿಕ 2024ರಲ್ಲಿ ಅಲ್ಲಿ ಮಹಾಮಸ್ತಕಾಭಿಷೇಕ ನಡೆದಾಗ ನಿಮ್ಮಲ್ಲಿ ಅನೇಕರು ಹೋಗಿ ನೋಡಿರಬಹುದು. ಮೂರ್ತಿಯ ಎತ್ತರಕ್ಕೆ ಬೆರಗಾಗುವ ನಾವು ಅಲ್ಲಿಯ ಶಾಸನದ ಕಡೆಗೆ ಗಮನ ಕೊಡುವುದು ಕಡಿಮೆ. ಮೂರ್ತಿಯನ್ನು ನಿಲ್ಲಿಸಿದ ಅರಸನು ಯಾರು ಎಂಬುದನ್ನು ಆ ಶಾಸನ ಹೇಳುವ ಬಗೆ ಸ್ವಾರಸ್ಯಕರವಾಗಿದೆ. ಅವನು ಪಾಂಡ್ಯಕದೇವಿಯ ಮಗ, ರಾಯಕುವರನ ಅಳಿಯ, ಪಾಂಡ್ಯನ ತಮ್ಮ. ಅಳಿಯಸಂತಾನ ಪದ್ಧತಿಯ ನಾಡಿನಲ್ಲಿ ತಾಯಿ ಯಾರು, ಸೋದರಮಾವ ಯಾರು ಎಂಬುದೇ ಮನುಷ್ಯನ ಗುರುತು. ಅಲ್ಲಿ ತಾಯಿಯ ಹೆಸರು ಕಂಸದೊಳಗೆ ಇಲ್ಲ. ಕಲ್ಲಿನ ಮೇಲೆ ಎದ್ದು ಕಾಣುವಂತೆ ಇದೆ.

ಅಳಿಯಸಂತಾನದಲ್ಲಿ ಎಲ್ಲವೂ ಸರಿಯಾಗಿತ್ತೆಂದು ನಾನು ಹೇಳುತ್ತಿಲ್ಲ. ಆ ಪದ್ಧತಿಯಲ್ಲೂ ಯಜಮಾನಿಕೆ ಸಾಮಾನ್ಯವಾಗಿ ಗಂಡಸಿನ ಕೈಯಲ್ಲೇ ಇತ್ತು. ಆದರೆ ವಂಶವನ್ನು ಎಣಿಸುವುದಕ್ಕೆ ಒಂದೇ ದಾರಿಯಿಲ್ಲ ಎಂಬುದನ್ನು ಮನೆಯ ಪಕ್ಕದ ಈ ಶಾಸನವೇ ಕಲಿಸುತ್ತದೆ. ತಂದೆಯಿಂದ ಮಗನಿಗೆ ಗೆರೆ ಎಳೆಯುವುದು ದೇವರ ಆಜ್ಞೆಯಲ್ಲ, ರೂಢಿ ಮಾತ್ರ. ಹಾಗೆ ಗೆರೆ ಎಳೆದಾಗ ಆರನೆಯ ತಲೆಮಾರಿನ ಮಗುವಿಗೆ ತನ್ನ ಮೂವತ್ತೆರಡು ಮಂದಿ ಮುತ್ತಜ್ಜ ಮುತ್ತಜ್ಜಿಯರಲ್ಲಿ ಒಂದೇ ದಂಪತಿಗಳ ಪರಿಚಯವಾಗುತ್ತದೆ. ಉಳಿದ ಮೂವತ್ತು ಮಂದಿ ಆ ಮಗುವಿನ ರಕ್ತದಲ್ಲಿದ್ದಾರೆ, ಪುಸ್ತಕದಲ್ಲಿಲ್ಲ.

ಸಂತ ಮತ್ತಾಯರ ಶುಭಸಂದೇಶದ ಮೊದಲ ಅಧ್ಯಾಯವನ್ನು ನಾವು ಕ್ರಿಸ್ತಜಯಂತಿಯ ಹೊತ್ತಿಗೆ ಕೇಳುತ್ತೇವೆ. ಹೆಸರುಗಳ ಉದ್ದನೆಯ ಸಾಲು ಬೇಸರ ತರಿಸುವುದುಂಟು. ಆದರೆ ಗಂಡಸರ ಆ ಸಾಲಿನ ನಡುವೆ ತಾಮಾರ್, ರಾಹಾಬ್, ರೂತ್ ಮತ್ತು ಊರೀಯನ ಮಡದಿ ಬಂದು ನಿಲ್ಲುವುದನ್ನು ಗಮನಿಸಿ. ಮಾವನಿಂದ ಅನ್ಯಾಯಕ್ಕೊಳಗಾದವಳು, ಊರಿನವರು ಹಗುರವಾಗಿ ಕಂಡವಳು, ಪರದೇಶದ ಬಡ ವಿಧವೆ, ಅರಸನ ಪಾಪಕ್ಕೆ ಸಿಲುಕಿದವಳು: ಇಂಥವರನ್ನು ಮುಚ್ಚಿಟ್ಟು ವಂಶಾವಳಿಯನ್ನು ಚೊಕ್ಕಟಗೊಳಿಸುವುದು ಮತ್ತಾಯರಿಗೆ ಕಷ್ಟವಿರಲಿಲ್ಲ. ಅವರು ಹಾಗೆ ಮಾಡಲಿಲ್ಲ. ಕ್ರಿಸ್ತರ ವಂಶಾವಳಿಯಲ್ಲೇ ಇಷ್ಟು ಪ್ರಾಮಾಣಿಕತೆ ಇರುವಾಗ, ನಮ್ಮ ಮನೆತನದ ಪುಸ್ತಕದಲ್ಲಿ ಅಜ್ಜಿಯ ತವರನ್ನು ಬರೆಯಲು ಅಡ್ಡಿಯೇನು?

ನಮಗೆ ಇದು ಹೇಗೆ ಗೊತ್ತು?

ನಮ್ಮ ಸ್ಮರಣ ಸಂಚಿಕೆಗಳ ಎರಡನೆಯ ಕೊರತೆ, ಬರೆದದ್ದು ಎಲ್ಲಿಂದ ಬಂತೆಂದು ಹೇಳದಿರುವುದು. ಒಂದು ಉದಾಹರಣೆಯನ್ನು ನಿಮ್ಮೊಂದಿಗೆ ಪರೀಕ್ಷಿಸುತ್ತೇನೆ.

ಟಿಪ್ಪು ಸುಲ್ತಾನನ ಕಾಲದಲ್ಲಿ ಕೆನರಾದ ಕ್ರೈಸ್ತರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದ ಸಂಗತಿ ಈ ಕರಾವಳಿಯ ಕ್ಯಾಥೋಲಿಕ್ ಮನೆಗಳ ನೆನಪಿನಲ್ಲಿ ಆಳವಾಗಿ ಕುಳಿತಿದೆ. ಎರಡನೆಯ ಆಂಗ್ಲೋ-ಮೈಸೂರು ಯುದ್ಧ ಮುಗಿಯುತ್ತಿದ್ದ ದಿನಗಳವು. ಮಂಗಳೂರಿನ ಕೋಟೆ 1784ರ ಜನವರಿ ಕೊನೆಯಲ್ಲಿ ಟಿಪ್ಪುವಿನ ವಶವಾಯಿತು, ಮಾರ್ಚ್ 11ರಂದು ಮಂಗಳೂರಿನ ಒಪ್ಪಂದಕ್ಕೆ ಸಹಿ ಬಿತ್ತು. ಕ್ರೈಸ್ತರು ಇಂಗ್ಲಿಷರಿಗೆ ನೆರವಾದರೆಂಬ ಆಪಾದನೆ ಅವರ ಮೇಲಿತ್ತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಬದುಕುಳಿದವರಲ್ಲಿ ಹಲವರು ಊರಿಗೆ ಮರಳಿದರು. ಇದು ಕಟ್ಟುಕತೆಯಲ್ಲ.

ಆದರೆ ಸೆರೆಯಾದ ದಿನ ಯಾವುದು? “1784ರ ಫೆಬ್ರವರಿ 24, ವಿಭೂತಿ ಬುಧವಾರ” ಎಂಬ ಮಾತನ್ನು ನೀವು ಎಷ್ಟೋ ಕಡೆ ಓದಿರಬಹುದು. ನಾನೂ ಬರೆದಿದ್ದೇನೆ. ಈಗ ಧರ್ಮೋಪದೇಶ ತರಗತಿಯ ಮಕ್ಕಳು ಮಾಡಬಹುದಾದ ಒಂದು ಲೆಕ್ಕ ಮಾಡೋಣ. ಆ ವರ್ಷ ಪುನರುತ್ಥಾನದ ಹಬ್ಬ ಬಂದದ್ದು ಏಪ್ರಿಲ್ 11ರ ಭಾನುವಾರ. ವಿಭೂತಿ ಬುಧವಾರವು ಅದಕ್ಕೆ 46 ದಿನ ಮೊದಲು ಬರುತ್ತದೆ. ಏಪ್ರಿಲ್ 11ರಿಂದ ಹಿಂದಕ್ಕೆ ಎಣಿಸಿದರೆ ಮಾರ್ಚ್ 11ಕ್ಕೆ 31 ದಿನ. ಉಳಿದದ್ದು 15. 1784 ಅಧಿಕ ವರ್ಷವಾದುದರಿಂದ ಫೆಬ್ರವರಿಗೆ 29 ದಿನ. ಮಾರ್ಚ್ 11ರಿಂದ 15 ದಿನ ಹಿಂದೆ ಹೋದರೆ ತಲಪುವುದು ಫೆಬ್ರವರಿ 25ಕ್ಕೆ. ಅಂದರೆ ಫೆಬ್ರವರಿ 24 ಮಂಗಳವಾರ. ದಿನಾಂಕ ಸರಿಯಿದ್ದರೆ ಅದು ವಿಭೂತಿ ಬುಧವಾರವಲ್ಲ. ವಿಭೂತಿ ಬುಧವಾರವೇ ಸರಿಯಿದ್ದರೆ ದಿನಾಂಕ 24 ಅಲ್ಲ.

ಒಂದು ದಿನದ ವ್ಯತ್ಯಾಸದಿಂದ ಆ ಜನರ ನೋವು ಒಂದು ಗುಂಜಿಯಷ್ಟೂ ಕಡಿಮೆಯಾಗುವುದಿಲ್ಲ. ಆದರೆ ಒಬ್ಬರನ್ನು ನೋಡಿ ಮತ್ತೊಬ್ಬರು ಬರೆಯುತ್ತಾ ಬಂದಾಗ ಕೈಬೆರಳಿನಲ್ಲಿ ಎಣಿಸಬಹುದಾದ ಲೆಕ್ಕವನ್ನೂ ನಾವು ಮಾಡುವುದಿಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಸೆರೆಯಾದವರ ಸಂಖ್ಯೆಯ ವಿಷಯದಲ್ಲೂ ಹೀಗೆಯೇ. ತಾನೂ ಮೈಸೂರಿನ ಸೆರೆಯಲ್ಲಿದ್ದ ಜೇಮ್ಸ್ ಸ್ಕರಿ ಎಂಬ ಇಂಗ್ಲಿಷ್ ನಾವಿಕ 30,000 ಎಂದು ಬರೆದಿದ್ದಾನೆ. 60,000 ಎಂಬ ಅಂಕಿಯೂ ಬಹಳ ಕಾಲದಿಂದ ಚಲಾವಣೆಯಲ್ಲಿದೆ. ನಮ್ಮ ಸಂಚಿಕೆಗಳು ಸಾಮಾನ್ಯವಾಗಿ ದೊಡ್ಡ ಅಂಕಿಯನ್ನೇ ಆರಿಸಿಕೊಳ್ಳುತ್ತವೆ. ಆರಿಸಿಕೊಂಡದ್ದೇಕೆ ಎಂದು ಹೇಳುವುದಿಲ್ಲ. ಯೇಸುಸಭೆಯ ಮೂರ್ ಅವರು 1905ರಲ್ಲಿ ಮಂಗಳೂರು ಧರ್ಮಪ್ರಾಂತ್ಯದ ಇತಿಹಾಸ ಬರೆದರು. ಸೆವರಿನ್ ಸಿಲ್ವಾ ಅವರ ಕೆನರಾ ಕ್ರೈಸ್ತರ ಇತಿಹಾಸ 1961ರಲ್ಲಿ ಬಂತು. ಆಲನ್ ಮಚಾದೊ ಪ್ರಭು ಅವರು 1999ರಲ್ಲಿ ಮಂಗಳೂರು ಕ್ರೈಸ್ತರ ಚರಿತ್ರೆಯನ್ನು ಬರೆದು, 2015ರಲ್ಲಿ ಈ ಸೆರೆವಾಸವನ್ನೇ ವಿಷಯವಾಗಿಸಿ ಮತ್ತೊಂದು ಗ್ರಂಥ ತಂದರು. ಇವುಗಳಲ್ಲಿ ಎರಡನ್ನಾದರೂ ತೆರೆದು ಹೋಲಿಸಿ ನೋಡುವ ತಾಳ್ಮೆ ನಮಗಿರಬೇಕಿತ್ತು.

ಇಲ್ಲಿ ಇನ್ನೂ ಗಂಭೀರವಾದ ಒಂದು ಮಾತಿದೆ. ಎರಡು ಶತಮಾನಗಳ ಹಿಂದಿನ ಅರಸನೊಬ್ಬನ ಕ್ರೌರ್ಯವನ್ನು ಇಂದಿನ ಮುಸ್ಲಿಂ ನೆರೆಹೊರೆಯವರ ಲೆಕ್ಕಕ್ಕೆ ಬರೆಯಲು ಈ ನೆನಪನ್ನು ಬಳಸುವವರಿದ್ದಾರೆ. ನೋವನ್ನು ಮರೆಯಬೇಕಾಗಿಲ್ಲ, ಮರೆಸಬಾರದು ಕೂಡ. ಆದರೆ ಕಾರಣ, ಕಾಲ, ಆಧಾರ ಇವುಗಳೊಂದಿಗೆ ಕಲಿಸಿದ ಇತಿಹಾಸ ಮಕ್ಕಳಿಗೆ ತಿಳಿವಳಿಕೆ ಕೊಡುತ್ತದೆ. ಇವುಗಳಿಲ್ಲದೆ ಕಲಿಸಿದ ಇತಿಹಾಸ ದ್ವೇಷವನ್ನೇ ಬಳುವಳಿಯಾಗಿ ಕೊಡುತ್ತದೆ. ದಿನಾಂಕವನ್ನು ಪರೀಕ್ಷಿಸುವ ಶಿಸ್ತು ಬೇಕಾಗಿರುವುದು ಇದಕ್ಕಾಗಿಯೇ.

ಹೇಳದೆ ಬಿಟ್ಟದ್ದು

ಇನ್ನು ಮನೆತನದ ಪುಸ್ತಕಗಳ ಮೊದಲ ಪುಟಗಳಿಗೆ ಬರೋಣ. ನಮ್ಮ ಪೂರ್ವಜರು ಗೋವೆಯಿಂದ ಬಂದವರು, ಮತಾಂತರಕ್ಕೆ ಮುಂಚೆ ನಾವು ಪ್ರಭುಗಳು, ಕಾಮತರು, ಶೆಣೈಗಳು ಎಂಬ ಮಾತು ಅಲ್ಲಿ ತಪ್ಪದೆ ಬರುತ್ತದೆ. ಹಳೆಯ ಉಪನಾಮವನ್ನು ತಿಳಿದಿರುವುದು ತಪ್ಪಲ್ಲ. ಅದು ಭಾಷೆಯ, ವಲಸೆಯ, ನೆಲದ ಒಂದು ಕುರುಹು. ಆದರೆ ಆ ಸಾಲುಗಳನ್ನು ನಿಜವಾಗಿ ಬರೆಯುತ್ತಿರುವುದು ಯಾವ ಭಾವನೆ ಎಂದು ನಮ್ಮ ಅಂತರಾತ್ಮವನ್ನು ಕೇಳಿಕೊಳ್ಳಬೇಕು. ಬಾಮಣ್, ಚಾರೊಡಿ, ಶೂದಿರ್ ಎಂಬ ಭೇದಗಳು ದೀಕ್ಷಾಸ್ನಾನದ ನೀರಿನಲ್ಲಿ ತೊಳೆದುಹೋಗಲಿಲ್ಲ. ನಮ್ಮ ಮದುವೆಯ ಮಾತುಕತೆಗಳಲ್ಲಿ ಅವು ಬಹುಕಾಲ ಬದುಕಿದ್ದವು. ಒಂದೇ ಬಲಿಪೀಠದ ಮುಂದೆ ಮೊಣಕಾಲೂರುವ ಕುಟುಂಬಗಳಲ್ಲಿ ಕೆಲವರಿಗೆ ಮಾತ್ರ ಹೆಮ್ಮೆ ತರುವ, ಉಳಿದವರನ್ನು ತಲೆತಗ್ಗಿಸುವಂತೆ ಮಾಡುವ ಪುಟವನ್ನು ಸಮುದಾಯದ ಇತಿಹಾಸ ಎಂದು ಕರೆಯುವುದು ಹೇಗೆ? ಕೊನೆಯಿಲ್ಲದ ವಂಶಾವಳಿಗಳಲ್ಲಿ ಮುಳುಗಬೇಡಿ ಎಂದು ಸಂತ ಪೌಲರ ಹೆಸರಿನ ಪತ್ರ ತಿಮೊಥೇಯನಿಗೆ ಎಚ್ಚರಿಕೆ ಕೊಟ್ಟದ್ದು ಇಂಥ ಹೆಮ್ಮೆಯನ್ನು ಕಂಡೇ ಇರಬೇಕು.

ಅಳದಂಗಡಿಯ ದೇವಾಲಯದ ಪಾಲಕ ಸಂತ ಪೀಟರ್ ಕ್ಲೇವರ್. ಹದಿನೇಳನೆಯ ಶತಮಾನದಲ್ಲಿ, ಇಂದಿನ ಕೊಲಂಬಿಯಾದ ಕಾರ್ತಹೇನಾ ಬಂದರಿನಲ್ಲಿ, ಆಫ್ರಿಕಾದಿಂದ ಹಡಗುಗಳಲ್ಲಿ ತುಂಬಿ ತಂದ ಗುಲಾಮರ ಸೇವೆಗೆ ಬದುಕನ್ನೇ ಕೊಟ್ಟವರು ಅವರು. ತಾನು ಆ ಗುಲಾಮರ ಗುಲಾಮ ಎಂದು ವ್ರತ ತೊಟ್ಟವರು. ಊರು, ಭಾಷೆ, ತಂದೆತಾಯಿಯ ಹೆಸರು ಎಲ್ಲವನ್ನೂ ಕಿತ್ತುಕೊಂಡ ಮನುಷ್ಯರನ್ನು ಅವರು ಎದುರುಗೊಂಡರು. ಇಂಥ ಸಂತರ ಆಶ್ರಯದಲ್ಲಿರುವ ನಾವು ವಂಶದ ಹಿರಿಮೆಗೆ ಬೆಲೆ ಕಟ್ಟುವಾಗ ಸ್ವಲ್ಪ ಸಂಕೋಚಪಡಬೇಕು.

ಭೂಮಿಯ ವಿಷಯದಲ್ಲೂ ಇಂಥದೇ ಮೌನ. “ಅಜ್ಜ ಕಷ್ಟಪಟ್ಟು ಭೂಮಿ ಮಾಡಿದರು” ಎಂಬ ಒಂದೇ ವಾಕ್ಯದಲ್ಲಿ ನಾವು ಮುಗಿಸಿಬಿಡುತ್ತೇವೆ. ಯಾರ ಭೂಮಿ? ಮೂಲಗೇಣಿಯೋ ಚಾಲಗೇಣಿಯೋ? ವರ್ಷಕ್ಕೆ ಎಷ್ಟು ಮುಡಿ ಅಕ್ಕಿ ಗೇಣಿ? ದೇವರಾಜ ಅರಸರ ಕಾಲದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ, ಭೂನ್ಯಾಯ ಮಂಡಳಿಯ ಮುಂದೆ ನಮೂನೆ 7ರ ಅರ್ಜಿ ಸಲ್ಲಿಸಿ ಉಳುವ ಹೊಲದ ಒಡೆಯರಾದ ಕ್ರೈಸ್ತ ಒಕ್ಕಲು ಮನೆಗಳಿವೆ. ಅದೇ ಕಾನೂನಿನಿಂದ ಭೂಮಿ ಕಳೆದುಕೊಂಡ ಕ್ರೈಸ್ತ ಧಣಿಗಳ ಮನೆಗಳೂ ಇವೆ. ಭಾನುವಾರ ಇಬ್ಬರೂ ಒಂದೇ ದೇವಾಲಯದಲ್ಲಿ ಕೂಡುತ್ತಿದ್ದರು. ಆ ದಿನಗಳಲ್ಲಿ ಮಾತು ಬಿಟ್ಟವರು ಯಾರು, ರಾಜಿಯಾದವರು ಯಾರು, ಅರ್ಜಿಯನ್ನೇ ಸಲ್ಲಿಸದೆ ಉಳಿದವರು ಯಾಕೆ ಉಳಿದರು ಎಂಬ ಪ್ರಶ್ನೆಗಳಿಗೆ ಉತ್ತರ ಬಲ್ಲವರು ಈಗ ಎಪ್ಪತ್ತು, ಎಂಬತ್ತರ ವಯಸ್ಸಿನವರು. ಬೀಡಿ ಕಟ್ಟಿ ಮಕ್ಕಳ ಶಾಲೆಯ ಖರ್ಚು ನಿಭಾಯಿಸಿದ ತಾಯಂದಿರ ದುಡಿಮೆ ಯಾವ ಸ್ಮರಣ ಸಂಚಿಕೆಯ ದಾನಿಗಳ ಪಟ್ಟಿಯಲ್ಲಿದೆ? ಅವರ ಕಾಣಿಕೆಯಿಲ್ಲದೆ ಯಾವ ದೇವಾಲಯ ಎದ್ದು ನಿಂತಿದೆ?

ಧರ್ಮೋಪದೇಶಕಾಂಡದ ಇಪ್ಪತ್ತಾರನೆಯ ಅಧ್ಯಾಯದಲ್ಲಿ ಇಸ್ರಯೇಲಿನ ರೈತನೊಬ್ಬ ಪ್ರಥಮಫಲದ ಬುಟ್ಟಿಯನ್ನು ದೇವರ ಮುಂದಿಟ್ಟು ತನ್ನ ಕುಟುಂಬದ ಚರಿತ್ರೆಯನ್ನು ಹೇಳಬೇಕೆಂಬ ವಿಧಿಯಿದೆ. ಅವನು ಹೇಳುವುದೇನು? ತನ್ನ ಮೂಲಪುರುಷ ನೆಲೆಯಿಲ್ಲದೆ ಅಲೆದವನು, ತನ್ನವರು ಈಜಿಪ್ಟಿನಲ್ಲಿ ಬಿಟ್ಟಿ ದುಡಿದವರು, ಬಿಡಿಸಿದವನು ದೇವರು ಎಂದು. ಅರಮನೆಯ ಮಾತು ಅಲ್ಲಿಲ್ಲ, ಬಡತನದ ಒಪ್ಪಿಗೆಯಿದೆ. ಸೆಪ್ಟೆಂಬರ್ 8ರಂದು ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೆ ತಂದು, ಹೊಸ ಅಕ್ಕಿಯ ಊಟಕ್ಕೆ ಇಡೀ ಕುಟುಂಬ ಕೂಡುವ ನಮಗೆ ಈ ವಿಧಿ ಪರಕೀಯವಲ್ಲ. ಊಟಕ್ಕೆ ಮೊದಲು ಮನೆಯ ಹಿರಿಯರೊಬ್ಬರು ಹತ್ತು ನಿಮಿಷ ಮಾತನಾಡಿದರೆ ಸಾಕು, ಮೊಂತಿ ಹಬ್ಬವೇ ಕುಟುಂಬದ ಚರಿತ್ರೆಯ ಪಾಠವಾಗುತ್ತದೆ.

ಹಂಚಿಕೊಳ್ಳುವುದು ಯಾರೊಂದಿಗೆ?

ನಮ್ಮ ನೆರೆಹೊರೆಯವರು ಈ ಕೆಲಸವನ್ನು ಹೇಗೆ ಮಾಡಿದ್ದಾರೆಂದು ನೋಡುವುದು ಉಪಯುಕ್ತ. ಬೆಳ್ತಂಗಡಿ ತಾಲೂಕಿನವರೇ ಆದ ಮಾಚಾರಿನ ಗೋಪಾಲ ನಾಯ್ಕರು ಸಿರಿ ಪಾಡ್ದನದ ದೊಡ್ಡ ಗಾಯಕರು. 1990ರ ಡಿಸೆಂಬರಿನಲ್ಲಿ ಅವರು ಹಾಡಿದ ಸಿರಿ ಕಾವ್ಯವನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಅವರು ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮತ್ತು ಅನ್ನೆಲಿ ಹೊಂಕೊ ಅವರೊಂದಿಗೆ ಧ್ವನಿಮುದ್ರಿಸಿದರು. 15,683 ಸಾಲುಗಳ ಆ ಕಾವ್ಯ 1998ರಲ್ಲಿ ಹೆಲ್ಸಿಂಕಿಯಿಂದ ಎರಡು ಸಂಪುಟಗಳಲ್ಲಿ ಹೊರಬಂತು. ಹೆಣ್ಣೊಬ್ಬಳನ್ನು ನಡುವೆ ನಿಲ್ಲಿಸಿ, ಅವಳ ಮನೆ, ಹಕ್ಕು, ಸಂತಾನಗಳ ಕತೆಯನ್ನು ತಲೆಮಾರುಗಳವರೆಗೆ ಹೇಳುವ ಕಾವ್ಯವದು. ನಮ್ಮ ನಂಬಿಕೆ ಬೇರೆಯಾದರೂ ಆ ಕೆಲಸದಿಂದ ಕಲಿಯಬೇಕಾದ ಎರಡು ಸಂಗತಿಗಳಿವೆ. ಗ್ರಂಥದ ಶೀರ್ಷಿಕೆಯಲ್ಲೇ ಹಾಡಿದವರ ಹೆಸರಿದೆ. ಹಾಡನ್ನು ಹೇಗೆ ದಾಖಲಿಸಿ ಬರಹಕ್ಕೆ ತಂದರೆಂಬುದನ್ನು ಹೇಳುವುದಕ್ಕೆ ಹೊಂಕೊ ಅವರು ಪ್ರತ್ಯೇಕವಾದ ಇನ್ನೊಂದು ಗ್ರಂಥವನ್ನೇ ಬರೆದರು. ನಮ್ಮ ಅಜ್ಜಿಯರು ಹೇಳಿದ್ದನ್ನು ಬರೆದುಕೊಂಡು ಅವರ ಹೆಸರನ್ನು ಅಡಿಯಲ್ಲಿ ಕಾಣಿಸುವ ಸೌಜನ್ಯವನ್ನು ನಾವು ಎಷ್ಟು ಸಲ ತೋರಿದ್ದೇವೆ?

ಆದರೆ ಒಂದು ಕೊರತೆಯನ್ನೂ ಹೇಳಬೇಕು. ಆ ಸಂಪುಟಗಳಲ್ಲಿ ತುಳು ಹಾಡು ರೋಮನ್ ಲಿಪಿಯಲ್ಲಿದೆ, ಅನುವಾದ ಇಂಗ್ಲಿಷಿನಲ್ಲಿದೆ. ಹಾಡು ಹುಟ್ಟಿದ ಊರಿನ ರೈತನಿಗೆ ಅದು ದೂರವೇ. ಮಂಗಳೂರಿನ ಮೈಕಲ್ ಲೋಬೊ ಅವರು 1990ರ ದಶಕದಿಂದ ಮಂಗಳೂರು ಕ್ಯಾಥೋಲಿಕ್ ಕುಟುಂಬಗಳ ವಂಶಾವಳಿಗಳನ್ನು ಅಪಾರ ಶ್ರಮದಿಂದ ಕಲೆಹಾಕಿದರು. ಇಂಥ ಕೆಲಸವನ್ನು ಒಬ್ಬರೇ ಹೊತ್ತದ್ದು ಬೆರಗಿನ ಸಂಗತಿ. ಆದರೆ ಅದೂ ಇಂಗ್ಲಿಷಿನಲ್ಲಿದೆ. ನಮ್ಮ ಹಳ್ಳಿಗಳ ಮನೆಗಳಲ್ಲಿ ಅದನ್ನು ಕೈಯಲ್ಲಿ ಹಿಡಿದವರು ವಿರಳ. ಕನ್ನಡದಲ್ಲಿ, ಕೊಂಕಣಿಯಲ್ಲಿ, ತುಳುವಿನಲ್ಲಿ ಹೇಳಿದ್ದನ್ನು ಅದೇ ಭಾಷೆಗಳಲ್ಲಿ ಹಿಂದಿರುಗಿಸಿದಾಗಲೇ ಹಂಚಿಕೆ ಪೂರ್ಣವಾಗುತ್ತದೆ.

ಇದಕ್ಕೆ ಒಳ್ಳೆಯ ಮಾದರಿ ಬಂಟ್ವಾಳದಲ್ಲಿದೆ. ಬಿ. ಸಿ. ರೋಡಿನ ಬಳಿಯ ಸಂಚಯಗಿರಿಯಲ್ಲಿ ಇತಿಹಾಸದ ಅಧ್ಯಾಪಕ ಪ್ರೊ. ತುಕಾರಾಮ ಪೂಜಾರಿಯವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದಲ್ಲಿ ಅರಸರ ಕತ್ತಿಗಳಿಗಿಂತ ಹೆಚ್ಚಾಗಿ ಸಾಮಾನ್ಯರ ಮನೆಯ ವಸ್ತುಗಳಿವೆ. ಅಡುಗೆಮನೆಯ ಪಾತ್ರೆ, ಗದ್ದೆಯ ಉಪಕರಣಗಳ ಮುಂದೆ ನಿಂತ ಮಗುವಿಗೆ ಇತಿಹಾಸ ಎಂದರೆ ತನ್ನ ಅಜ್ಜಿಯ ಕೈಕೆಲಸವೂ ಹೌದು ಎಂದು ತಿಳಿಯುತ್ತದೆ. ಮೂಡುಬಿದಿರೆಯ ಧವಲಾ ತಾಳೆಗರಿಗಳ ಕತೆಯೂ ನಿಮಗೆ ಗೊತ್ತಿರಬಹುದು. ಶತಮಾನಗಳ ಕಾಲ ಬಸದಿಯಲ್ಲಿ ಭದ್ರವಾಗಿದ್ದ ಆ ಗ್ರಂಥವನ್ನು ಪ್ರತಿ ಮಾಡಿದ ಮೇಲೆ, 1939ರಿಂದ ಅದರ ಸಂಪುಟಗಳು ಅಚ್ಚಾಗಿ ಎಲ್ಲರ ಕೈಸೇರಿದವು. ಜೋಪಾನ ಮಾಡಿದ ಜೈನ ಬಂಧುಗಳಿಗೆ ವಂದನೆ ಸಲ್ಲಬೇಕು, ಪ್ರತಿ ಮಾಡಿ ಹಂಚಿದವರಿಗೂ ಸಲ್ಲಬೇಕು.

ನಮ್ಮ ಕೈಯಲ್ಲಿರುವುದು

ನಮ್ಮಲ್ಲೂ ಇಂಥ ಭಂಡಾರವಿದೆ. ಟ್ರೆಂಟ್ ಮಹಾಸಭೆಯು 1563ರಲ್ಲಿ ದೀಕ್ಷಾಸ್ನಾನ ಮತ್ತು ವಿವಾಹದ ದಾಖಲೆಗಳನ್ನು ಇಡಲು ಆಜ್ಞಾಪಿಸಿತು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 535ನೆಯ ನಿಯಮವು ದೀಕ್ಷಾಸ್ನಾನ, ವಿವಾಹ, ಮರಣಗಳ ಪುಸ್ತಕಗಳು ಪ್ರತಿ ಧರ್ಮಕೇಂದ್ರದಲ್ಲೂ ಇರಬೇಕೆಂದೂ, ಹಳೆಯ ಪುಸ್ತಕಗಳನ್ನು ಜಾಗರೂಕತೆಯಿಂದ ಕಾಪಾಡಬೇಕೆಂದೂ ಹೇಳುತ್ತದೆ. 1997ರಲ್ಲಿ ವ್ಯಾಟಿಕನ್ನಿನ ಸಾಂಸ್ಕೃತಿಕ ಪರಂಪರೆಯ ಆಯೋಗವು ದಾಖಲೆಗಳ ರಕ್ಷಣೆ ಕಚೇರಿಯ ಕೆಲಸ ಮಾತ್ರವಲ್ಲ, ಪಾಲನಾ ಸೇವೆಯ ಭಾಗ ಎಂದು ಎಲ್ಲ ಧರ್ಮಾಧ್ಯಕ್ಷರಿಗೆ ಬರೆಯಿತು. ಅಜ್ಜಿಯ ಅತ್ತೆಯ ಹೆಸರು, ಅವರ ತಂದೆತಾಯಿಯ ಹೆಸರು, ಜ್ಞಾನಪಿತ ಜ್ಞಾನಮಾತೆಯರ ಹೆಸರು ಇಂಥ ಪುಸ್ತಕವೊಂದರಲ್ಲಿ ಇರಲೇಬೇಕು. ಆದರೆ ಆಟಿಯ ಮಳೆಯ ತೇವಕ್ಕೆ, ಒರಲೆಗೆ ಕಾನೂನಿನ ಭಯವಿಲ್ಲ. ಬೀಗ ಹಾಕಿದ ಕಪಾಟಿನೊಳಗೇ ಕಾಗದ ಪುಡಿಯಾಗುತ್ತದೆ. ಇದು ನನ್ನಂಥ ಧರ್ಮಗುರುಗಳ ಹೊಣೆ.

ಹಂಚಿಕೆಗೂ ಒಂದು ಮಿತಿ ಇದೆಯೆಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಆ ಪುಸ್ತಕಗಳಲ್ಲಿ ಬದುಕಿರುವವರನ್ನು ನೋಯಿಸಬಲ್ಲ ಸಂಗತಿಗಳೂ ಇರುತ್ತವೆ. ತಂದೆಯ ಹೆಸರಿಲ್ಲದ ಮಗುವಿನ ದಾಖಲೆಯನ್ನು ಊರಿನ ಮುಂದೆ ಓದುವುದು ಸತ್ಯನಿಷ್ಠೆಯಲ್ಲ, ಕ್ರೌರ್ಯ. ನಮ್ಮ ಮನೆಯ ತಪ್ಪನ್ನು ನಾವೇ ಹೇಳಿಕೊಳ್ಳೋಣ. ಬೇರೆಯವರ ಮನೆಯ ಗಾಯವನ್ನು ಅವರ ಅನುಮತಿಯಿಲ್ಲದೆ ಬಿಚ್ಚದಿರೋಣ.

ಹಾಗಾದರೆ ಓದುಗರಾದ ನೀವು ಮಾಡಬೇಕಾದದ್ದೇನು? ಮನೆಯಲ್ಲಿ ಹಿರಿಯರಿದ್ದರೆ ಅವರ ಪಕ್ಕದಲ್ಲಿ ಕುಳಿತು ಕೇಳಿ. ನಿಮ್ಮ ಮೊಮ್ಮಗನ ಮೊಬೈಲಿನಲ್ಲಿ ಅವರ ಧ್ವನಿ ದಾಖಲಾಗಲಿ. ಆದರೆ ಧ್ವನಿಯನ್ನು ಮೊಬೈಲಿನಲ್ಲೇ ಬಿಡದೆ ಕಾಗದದ ಮೇಲೂ ಇಳಿಸಿ, ಹೇಳಿದವರ ಹೆಸರು, ಕೇಳಿದವರ ಹೆಸರು, ದಿನಾಂಕ ಬರೆಯಿರಿ. ಹಳೆಯ ಫೋಟೋದ ಹಿಂದೆ ಪೆನ್ಸಿಲಿನಲ್ಲಿ ಅದರಲ್ಲಿರುವವರ ಹೆಸರುಗಳನ್ನು ಎಡದಿಂದ ಬಲಕ್ಕೆ ಬರೆದಿಡಿ. ನಿಮ್ಮ ಪುಸ್ತಕದಲ್ಲಿ ಕಾಗದಪತ್ರದಿಂದ ತಿಳಿದದ್ದು ಯಾವುದು, ಬಾಯಿಮಾತಿನಿಂದ ತಿಳಿದದ್ದು ಯಾವುದು, ಬರಿಯ ಊಹೆ ಯಾವುದು ಎಂದು ಬೇರ್ಪಡಿಸಿ ಹೇಳಿ. ಕೆಲಸದಾಳಾಗಿ ಬಂದು ಮನೆಯಲ್ಲೇ ಮುದುಕರಾದವರ ಹೆಸರನ್ನೂ ಮರೆಯಬೇಡಿ. ಪುಸ್ತಕದ ಒಂದು ಪ್ರತಿಯನ್ನು ಧರ್ಮಕೇಂದ್ರಕ್ಕೆ, ಇನ್ನೊಂದನ್ನು ಊರಿನ ಗ್ರಂಥಾಲಯಕ್ಕೆ ಕೊಡಿ. ಧರ್ಮೋಪದೇಶದ ಶಿಕ್ಷಕರು ವರ್ಷಕ್ಕೊಂದು ಭಾನುವಾರ ಮಕ್ಕಳನ್ನು ಸ್ಮಶಾನಕ್ಕೆ ಕರೆದೊಯ್ದು ಅಲ್ಲಿಯ ಹೆಸರುಗಳನ್ನು ಓದಿಸಲಿ. ವಾಳೆಯ ಗುರ್ಕಾರರು ತಮ್ಮ ವಾಳೆಯ ಅತ್ಯಂತ ಹಿರಿಯ ಐವರನ್ನು ಭೇಟಿಯಾಗಿ ಒಂದೊಂದು ಪುಟ ಬರೆಸಿದರೆ, ಮುಂದಿನ ಮಹೋತ್ಸವದ ಸಂಚಿಕೆಗೆ ಹಳೆಯ ಸಂಚಿಕೆಯನ್ನು ನಕಲು ಮಾಡುವ ಪಾಡು ಬರುವುದಿಲ್ಲ.

ಅಳದಂಗಡಿಯ ಆ ಮನೆಯಲ್ಲಿ ಅಂದು ಒಂದು ಸಣ್ಣ ಕೆಲಸ ನಡೆಯಿತು. ಕಾಲೇಜಿಗೆ ಹೋಗುವ ಮೊಮ್ಮಗಳು ಬಿಳಿ ಹಾಳೆಯೊಂದನ್ನು ತಂದು ಅಜ್ಜಿಯ ಬಳಿ ಕುಳಿತಳು. ಅಜ್ಜಿ ತಮ್ಮ ತಾಯಿಯ ಹೆಸರು ಹೇಳಿದರು, ತಾಯಿಯ ತಾಯಿಯ ಹೆಸರು ಹೇಳಿದರು, ಅತ್ತೆಯ ಹೆಸರು ಹೇಳಿದರು. ಅತ್ತೆ ಯಾವ ಊರಿನಿಂದ ಬಂದವರು, ಅವರು ಹೆತ್ತ ಮಕ್ಕಳಲ್ಲಿ ಎಷ್ಟು ಮಂದಿ ಬಾಲ್ಯದಲ್ಲೇ ತೀರಿಕೊಂಡರು ಎಂಬುದನ್ನೂ ಹೇಳಿದರು. ಆ ಶಿಶುಗಳಲ್ಲಿ ಇಬ್ಬರ ಹೆಸರುಗಳು ಅವರಿಗೆ ನೆನಪಿದ್ದವು. ಮಡಚುವ ದೊಡ್ಡ ಹಾಳೆಯ ಪಕ್ಕಕ್ಕೆ ಈ ಹಾಳೆಯನ್ನು ಅಂಟಿಸಿದರು.

ನವೆಂಬರ್ 2ರಂದು ಮೃತರ ಸ್ಮರಣೆಯ ಬಲಿಪೂಜೆಗೆ ನೀವು ನಿಮ್ಮ ಮನೆಯವರ ಹೆಸರುಗಳನ್ನು ಬರೆದು ಕೊಡುತ್ತೀರಿ. ಆ ಚೀಟಿಯಲ್ಲಿ ಈ ಸಲ ಅಜ್ಜಿಯ, ಮುತ್ತಜ್ಜಿಯ ಹೆಸರುಗಳೂ ಇರಲಿ. ಗೊತ್ತಿಲ್ಲದಿದ್ದರೆ, ಗೊತ್ತಿರುವವರು ಮನೆಯಲ್ಲಿ ಇರುವಾಗಲೇ ಕೇಳಿಕೊಳ್ಳಿ.